ಮೊದಲು ಚಾಪೆ, ಆಮೇಲೆ ಮನೆ

ಮನೆ ಕಟ್ಟಿ ನೋಡು ಅಂತ ಗಾದೆ. ಮರಗೆಲಸದವನಾದ ನಾನು ಅದಕ್ಕೊಂದು ಬಾಲ ಸೇರಿಸಿಕೊಂಡಿದ್ದೆ: ಕಟ್ಟುವ ಮುಂಚೆ ಚಾಪೆ ಹಾಸಿ ನೋಡು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ತಿಪಟೂರಿನಲ್ಲಿ ನನ್ನದೇ ಒಂದು ಅಂಗಡಿ ಆಗಿತ್ತು. ಸುತ್ತಲ ಹಳ್ಳಿಗಳಲ್ಲಿ ಮನೆಗೆಲಸ ಒಪ್ಪಿಕೊಳ್ಳುತ್ತಿದ್ದೆ. ಗೋಡೆ ಗಾರೆಯವರದು, ತೊಲೆ, ಅಟ್ಟ, ಹೆಂಚು ನನ್ನದು. ಎಲ್ಲಿ ಏನು ಬರಬೇಕೆಂದು ಮನೆಯವರ ಬಾಯಿ ಬಿಡಿಸುವುದೂ ನನ್ನ ತಲೆಗೇ ಬೀಳುತ್ತಿತ್ತು. ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೇಳಿದಾಗ "ನಿಮಗೆ ಗೊತ್ತಿಲ್ವಾ, ಮಾಡಿ" ಅನ್ನುತ್ತಾರೆ. ಮಾಡಿದ ಮೇಲೆ "ಅಯ್ಯೋ, ಹಿಂಗಲ್ಲ" ಅನ್ನುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಕೂರಿಸಿದ ತೊಲೆ ಇಳಿಸಿ ಜಗಳವಾಡುವುದಕ್ಕಿಂತ, ಮೊದಲೇ ಜಗಳವಾಡಿ ತೊಲೆ ಕೂರಿಸುವುದು ಮೇಲು ಅನ್ನುವ ತೀರ್ಮಾನಕ್ಕೆ ಬಂದಿದ್ದೆ.

ಶೆಟ್ಟಿಕೆರೆ ಕಡೆಯ ತೋಟದ ಯಜಮಾನರೊಬ್ಬರು ಹೇಳಿಕಳಿಸಿದರು. ಹಳೆಮನೆಯ ಪಕ್ಕದಲ್ಲೇ ಹೊಸ ಮನೆ ಆಗಬೇಕಿತ್ತು. ಏನೇನು ಬೇಕು ಅಂತ ಕೇಳಿದೆ.

"ಅಟ್ಟ ಬೇಕು ಕಣ್ರೀ ಆಚಾರ್ರೇ. ಹಜಾರದ ಮ್ಯಾಲೂ ಅಟ್ಟ, ಅಡುಗೆಮನೆ ಮ್ಯಾಲೂ ಅಟ್ಟ, ರೂಮಿನ ಮ್ಯಾಲೂ ಅಟ್ಟ. ಗಾಳಿ ಆಡ್ಬೇಕು. ಒಂದು ಹನಿ ನೀರು ಬೀಳಂಗಿಲ್ಲ."

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಅಟ್ಟ ಹತ್ತಿ ಹತ್ತಿರ ಹತ್ತಿರ ವರ್ಷ ಮಲಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅಂದಾಗಲೇ ಅದು ಕೊಬ್ಬರಿ. ಅದಕ್ಕೆ ಕೊಡುವ ಮರ್ಯಾದೆ ಅಳಿಯನಿಗೂ ಸಿಗುವುದಿಲ್ಲ.

"ಸರಿ, ನೀವೆಲ್ಲ ಎಲ್ಲಿ ಮಲಗ್ತೀರಿ?"

"ಎಲ್ಲಾದ್ರೂ ಬಿದ್ಕೋತೀವಿ ಬುಡಿ."

"ಯಜಮಾನ್ರೇ, ನಾನು ಕಟ್ತಿರೋದು ಸಂಸಾರಕ್ಕೆ ಮನೆನೋ, ತೆಂಗಿನಕಾಯಿಗೆ ಛತ್ರನೋ?" ಎಂದು ರೇಗಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥವರ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ?

ಅವರ ಹೆಂಡತಿ ಮಜ್ಜಿಗೆ ತಂದರು. "ಅಮ್ಮಾರೆ, ನಿಮಗೇನು ಬೇಕು?" ಅಂದೆ. ಆಕೆ ಗಂಡನ ಕಡೆ ಒಮ್ಮೆ ನೋಡಿ, "ಅವ್ರು ಹೇಳಿದ್ಮ್ಯಾಲೆ ಮುಗೀತಲ್ಲ" ಎಂದು ಲೋಟ ಇಟ್ಟು ಹೋದರು. ಹೋಗುವಾಗ ಹಳೆಮನೆಯ ಅಟ್ಟದ ಕಡೆ ಕತ್ತೆತ್ತಿ ನೋಡಿದ್ದು ನನ್ನ ಕಣ್ಣಿಗೆ ಬಿತ್ತು. ಏನೋ ಇದೆ, ಬಾಯಿಗೆ ಬರುತ್ತಿಲ್ಲ ಅನ್ನಿಸಿತು. ಪಾಯ ತೋಡುವವರು ಮಾರನೆಯ ದಿನವೇ ಬರುವವರಿದ್ದರು. ಆಮೇಲೆ ಬಾಯಿಬಿಟ್ಟರೂ ಕೇಳುವವರು ಯಾರು?

ಅವತ್ತೇ ಒಲೆಯ ಬೂದಿ ತರಿಸಿ ಹೊಸ ಮನೆಯ ಜಾಗದಲ್ಲಿ ಕೋಣೆಕೋಣೆಯ ಗೆರೆ ಎಳೆದೆ. ಬಾಗಿಲಿಗೆ ಜಾಗ ಬಿಟ್ಟೆ. "ಎಲ್ಲರೂ ಒಳಗೆ ಬನ್ನಿ, ಸಂಸಾರ ಮಾಡಿ" ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡರೂ ಬಂದರು. ಯಜಮಾನರ ತಾಯಿ ಅಡುಗೆಮನೆಯ ಗೆರೆಯೊಳಗೆ ಕುಕ್ಕರಗಾಲಲ್ಲಿ ಕೂತು ಇಲ್ಲದ ಒಲೆ ಊದಿ, ಇಲ್ಲದ ಹೊಗೆಗೆ ಕಣ್ಣೊರೆಸಿಕೊಂಡರು. ಯಜಮಾನರು ಬಾಗಿಲು ಬಿಟ್ಟು ನೇರ ನಡೆದುಬಂದಾಗ "ಗೋಡೆ ಒಡೆದ್ರಿ!" ಎಂದು ನಾನು ಕೂಗಿದೆ, ಪಾಪ, ಹಿಂದೆ ಹೋಗಿ ಬಾಗಿಲಿಂದಲೇ ಬಂದರು. ಆದರೂ ಬುದ್ಧಿ ಬಿಡಲಿಲ್ಲ. ಅಂಗಳದಲ್ಲಿದ್ದ ರಾಶಿಯಿಂದ ತೆಂಗಿನಕಾಯಿ ತಂದು ಒಂದೊಂದು ಕೋಣೆಗೂ ಒಂದೊಂದು ಇಟ್ಟು, "ಇದ್ರ ಮ್ಯಾಲೆ ಅಟ್ಟ ಅಂತ ಗುರುತು" ಅಂದರು.

"ಈಗ ಅವರವರು ಮಲಗೋ ಕಡೆ ಚಾಪೆ ಹಾಸಿ."

ಯಜಮಾನರು ಹಜಾರದಲ್ಲಿ ಹಾಸಿದರು. ಅವರ ತಾಯಿ, ಆ ಅಜ್ಜಿ, ಅಡುಗೆಮನೆ ಪಕ್ಕದಲ್ಲಿ. ಯಜಮಾನರ ಹೆಂಡತಿ ಮಾತ್ರ ಚಾಪೆ ಕಂಕುಳಲ್ಲಿಟ್ಟುಕೊಂಡು ರೂಮಿಗೆ ಬಂದರು, ಅಲ್ಲಿದ್ದ ಕಾಯಿ ನೋಡಿದರು, ಹಿಂದಿನ ಗೆರೆ ದಾಟಿದರು. ಬಟ್ಟಬಯಲಲ್ಲಿ ಚಾಪೆ ಹಾಸಿ ಕೂತರು.

"ಅಮ್ಮಾರೆ, ಮನೆಯಿಂದ ಆಚೆ ಹೋದ್ರಿ!"

"ಗೊತ್ತು ಆಚಾರ್ರೇ. ಇಲ್ಲಾದ್ರೆ ನೆತ್ತಿ ಮ್ಯಾಲೆ ಕಾಯಿಲ್ಲ. ಈ ಮನೆಗೆ ಬಂದಾಗ್ಲಿಂದ ಇಲಿ ಕಾಯಿ ಉರುಳ್ಸೋ ಸದ್ದು, ಕಣ್ಣಿಗೆ ನಾರಿನ ಧೂಳು. ಒಂದು ರಾತ್ರಿ ನಿದ್ದೆ ಮಾಡಿಲ್ಲ. ನಂಗೆ ಮ್ಯಾಲೇನೂ ಇಲ್ದಿರೋ ಒಂದು ರೂಮು ಬೇಕು."

ಯಜಮಾನರು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಮೊಣಕಾಲು ಹಿಡಿದು ಎದ್ದು, ತಮ್ಮ ಚಾಪೆ ದರದರ ಎಳೆದುಕೊಂಡು ಗೆರೆ ದಾಟಿ ಸೊಸೆಯ ಪಕ್ಕ ಹೋದರು.

"ನಂಗೂ ವಸಿ ಜಾಗ ಬುಡೇ. ನಾನೂ ಇಷ್ಟು ವರ್ಷ ಕಾಯಿ ಕೆಳಗೇ ಮಲ್ಗಿವ್ನಿ. ಹೇಳ್ಬೋದು ಅಂತ ಗೊತ್ತೇ ಇರ್ಲಿಲ್ಲ ಕಣೇ" ಎಂದು ಅಲ್ಲೇ ಉದ್ದಕ್ಕೆ ಕಾಲು ಚಾಚಿ ಮಲಗಿಬಿಟ್ಟರು. ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಅಂಟಿತು. ಗೆರೆಯೊಳಗೆ ಉಳಿದವರು ಯಜಮಾನರು ಮತ್ತು ಕಾಯಿಗಳು.

"ಅವ್ವಾ, ಅಲ್ಲೂ ಒಂದು ಅಟ್ಟ ಹಾಕಿದ್ರೆ..." ಅಂದರು ಅವರು ಮೆಲ್ಲಗೆ.

"ಏನ್ಲಾ, ಹೆತ್ತವಳಿಗಿಂತ ಕಾಯಿ ಹೆಚ್ಚಾಯ್ತೇನ್ಲಾ?"

ನಾನು ಕಾಯಲಿಲ್ಲ. ಬೂದಿ ಬುಟ್ಟಿ ಎತ್ತಿಕೊಂಡು ಆ ಎರಡು ಚಾಪೆಗಳ ಸುತ್ತ ಗೆರೆ ಎಳೆದೆ. ಅಷ್ಟು ಖುಷಿಯಿಂದ ನಾನು ಯಾವ ಗೆರೆಯನ್ನೂ ಎಳೆದಿಲ್ಲ.

ಮನೆ ಆಯಿತು. ಎಲ್ಲ ಕಡೆ ಅಟ್ಟ, ಹಿಂದಿನ ರೂಮಿಗೆ ಮಾತ್ರ ಬರೀ ಹೆಂಚು. ನಡುವೆ ಒಂದು ಗಾಜಿನ ಹೆಂಚು ಕೂರಿಸಿದೆ. ಅದು ಯಾರೂ ಕೇಳಿದ್ದಲ್ಲ, ನನ್ನ ಪ್ರೀತಿಯದು. ಮಳೆಗಾಲ ಕಳೆದ ಮೇಲೆ ಬಿಗಿಯಾದ ಬಾಗಿಲು ಸರಿಮಾಡಲು ಒಂದು ಮಧ್ಯಾಹ್ನ ಹೋದೆ. ಅತ್ತೆ ಸೊಸೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸುತ್ತಿಗೆ ತೆಗೆದಿದ್ದೇ ತಡ, ಸೊಸೆ ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗೆ ಆಚಾರ್ರೇ. ಯಜಮಾನ್ರು ಮಲಗವ್ರೆ."

"ಎಲ್ಲಿ, ಹಜಾರದಲ್ಲಾ?"

"ಎಲ್ಲಾದ್ರೂ ಬಿದ್ಕೋತೀವಿ ಅಂದಿದ್ರಲ್ಲ," ಎಂದು ಆಕೆ ನಕ್ಕರು. "ನನ್ ರೂಮ್ನಾಗೆ."