ಹೆಮ್ಮಾಡಿಯ ಸದ್ದುಗಳ ಅಕ್ಕ

ಜೂನ್ 8, ಭಾನುವಾರ. ಬೆಳಿಗ್ಗೆ 9.10ಕ್ಕೆ ಬರೆಯಲು ಕುಳಿತೆ.

ಹೆಮ್ಮಾಡಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದ ಅಕ್ಕ ಹೋದಲ್ಲೆಲ್ಲ ರೆಕಾರ್ಡರ್ ಒಯ್ಯುತ್ತಿದ್ದರು. ಕಣ್ಣು ಮುಚ್ಚಿ, ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಚಂಡೆಯ ಪೆಟ್ಟು, ದೋಣಿಯ ಇಂಜಿನ್, ಕಂಡಕ್ಟರನ ಸೀಟಿ ಹಿಡಿಯುತ್ತಿದ್ದರು. ಅವನ್ನು ಹಸನುಮಾಡಿ ನಮ್ಮಂಥ ಎಡಿಟರ್‌ಗಳಿಗೆಂದು ಇಂಟರ್ನೆಟ್ಟಿನ ತಮ್ಮ ಪುಟದಲ್ಲಿ ಉಚಿತವಾಗಿ ಇಡುತ್ತಿದ್ದರು. ಕೇಳುತ್ತಿದ್ದುದು ಒಂದೇ.

"ಹ್ವಾಯ್ ಮಾಣಿ, ಕಡಿಗೆ ನನ್ ಹೆಸ್ರ್ ಹಾಕುಕ್ ಮರಿಬೇಡ. ಎಲಿ ಮೂಲಿಯಂಗೆ ಉಪ್ಪ್ ಬಡ್ಸ್ದಷ್ಟ್ ಸಾಕ್."

"ಆಯ್ತಕ್ಕ" ಎನ್ನುತ್ತಿದ್ದೆವು. ನಮ್ಮ ಕಡೆ ಮದುವೆ ವಿಡಿಯೊದ ಕೊನೆಗೆ ಸ್ಟುಡಿಯೊದ ಹೆಸರೊಂದೇ ಹಾಕುವುದು ರೂಢಿ.

ಕಳೆದ ವರ್ಷ ಯಾರೋ ಆ ಸದ್ದುಗಳನ್ನು ತಮ್ಮದೆಂದು ನೋಂದಾಯಿಸಿ ಮಾರತೊಡಗಿದರು. ಕಳ್ಳತನದ ದೂರು ಅಕ್ಕನ ಮೇಲೆಯೇ ಬಂದು ಅವರ ಪುಟ ಮುಚ್ಚಿತು. ಮೂಲ ಫೈಲುಗಳಿದ್ದ ಹಾರ್ಡ್‌ಡಿಸ್ಕ್ ಮೊದಲೇ ಕೆಟ್ಟಿತ್ತು. ಅವರ ಹೆಸರಿರುವ ಒಂದೇ ಒಂದು ಹಳೆಯ ವಿಡಿಯೊ ತೋರಿಸಿದ್ದರೆ ಪುಟ ಮರಳಿ ಸಿಗುತ್ತಿತ್ತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಸ್ಟುಡಿಯೊಗಳನ್ನು ಹತ್ತಿಳಿದು, ಕೊನೆಗೆ ನನ್ನಲ್ಲಿಗೆ ಬಂದರು.

"ನೀನಾರೂ ನನ್ ಹೆಸ್ರ್ ಹಾಕಿದ್ದೆ ಅಲ್ದಾ, ಮಾಣಿ?"

ಯಾವ ವಿಡಿಯೊಗೆ ಯಾವ ಸದ್ದು ಬಳಸಿದೆನೆಂದು ಬರೆದಿಡುತ್ತಿದ್ದ ದಿನಚರಿ ತೆಗೆದು ಕೂಡಿಸಿದೆ. ಅಕ್ಕನ ಸದ್ದು ಬಳಸಿದ ವಿಡಿಯೊಗಳು ನಲವತ್ತೊಂದು. ಹೆಸರು ಹಾಕಿದ್ದು ಒಂದರಲ್ಲೂ ಇಲ್ಲ. ಅಕ್ಕ ದಿನಚರಿಯನ್ನು ತಮ್ಮತ್ತ ತಿರುಗಿಸಿ ಓದಿದರು.

"ಲೆಕ್ಕ ಲಾಯ್ಕ್ ಬರ್ದಿದ್ದೆ, ಮಾಣಿ" ಎಂದು ನಕ್ಕು ಮೆಟ್ಟಿಲಿಳಿದರು.

ಮತ್ತೆ ಅವರು ಎಡಿಟಿಂಗ್ ಮುಟ್ಟಲಿಲ್ಲ. ನಮಗೆಲ್ಲ ಅವರು ಬರಿಯ ಅಕ್ಕ; ಹೆಸರೇನೆಂದು ನಾನೂ ಕೇಳಿರಲಿಲ್ಲ. ಈ ಕಡೆಯ ಯಾವುದೇ ಮದುವೆ ವಿಡಿಯೊದ ಕೊನೆಯಲ್ಲಿ, ಸದ್ದು ಒದಗಿಸಿದವರೆಂದು ಹೆಂಗಸೊಬ್ಬರ ಹೆಸರು ಕಂಡಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ.