ಅಂಗೈಯ ಗೆರೆ ಕಾಣುವ ತನಕ

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಗೋಡೆಯ ಮೇಲೊಂದು ಗಡಿಯಾರವಿತ್ತು, ಆದರೆ ಸಂಜೆಯ ಊಟದ ವಿಷಯದಲ್ಲಿ ಅದರ ಮಾತು ನಡೆಯುತ್ತಿರಲಿಲ್ಲ. ನಮ್ಮದು ಜೈನರ ಮನೆ; ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವಂತಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಮುಖ ತೋರಿಸದಿದ್ದಾಗ ಅವ್ವ ಹಿತ್ತಲ ಬಾಗಿಲಿಗೆ ಹೋಗಿ ಬಲಗೈ ಚಾಚಿ ನಿಲ್ಲುತ್ತಿದ್ದಳು. ಅಂಗೈಯ ಗೆರೆ ಕಂಡರೆ ಇನ್ನೊಂದು ರೊಟ್ಟಿಗೆ ಅವಕಾಶ. ಮಸುಕಾದರೆ ತಾಟು ಎತ್ತಿದಂತೆಯೇ. ಅಂಗೈ ನೋಡಿ ಭವಿಷ್ಯ ಹೇಳುವವರನ್ನು ನೀವು ಕಂಡಿರಬಹುದು, ಮಿತ್ರರೆ; ನಾನು ಅಂಗೈ ನೋಡಿ ಊಟ ಮುಗಿಸುವವಳ ಮಗ.

ಇಂಥ ಮನೆಯವನಿಗೆ ವಿಮಾನ ಹಾರಿಸುವ ಹುಚ್ಚು ಎಲ್ಲಿಂದ ಹತ್ತಿತೋ ನನಗೆ ಇಂದಿಗೂ ತಿಳಿಯದು. ಅರವತ್ತರ ದಶಕದ ಆರಂಭದಲ್ಲಿ ಕೊಲ್ಹಾಪುರದಲ್ಲಿ ಓದುತ್ತಿದ್ದಾಗ ರವಿವಾರ ಸೈಕಲ್ ತುಳಿದುಕೊಂಡು ಊರಾಚೆಯ ವಿಮಾನದ ಮೈದಾನಕ್ಕೆ ಹೋಗುತ್ತಿದ್ದೆ. ಅಲ್ಲಿ ಬಹಳ ಸಲ ದನಗಳೇ ಮೇಯುತ್ತಿದ್ದವು, ಎಂದಾದರೊಮ್ಮೆ ಒಂದು ಪುಟ್ಟ ವಿಮಾನ ಇಳಿಯುತ್ತಿತ್ತು, ಅಷ್ಟಕ್ಕೇ ನಾನು ಕೆಟ್ಟೆ. ವಿಮಾನ ಕಲಿಸುವ ಶಾಲೆಗೆ ಸೇರುತ್ತೇನೆಂದರೆ ಬೆಲ್ಲದ ವ್ಯಾಪಾರಿಯಾದ ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

"ಪೆಂಟಿ ಒಡದ ನೋಡದ ಯಾರರ ಬೆಲ್ಲಾ ತಗೋತಾರೇನು? ಸಾಲಿ ಹೆಂಗದಾವ ನೋಡು. ದೀಪಾವಳಿ ಪಾಡ್ಯಾದೊಳಗ ಒಂದ ಹೆಸರು ಹೇಳು, ಕಳಸ್ತೀನಿ. ಇಲ್ಲಾಂದ್ರ ಅಂಗಡಿ ಗಾದಿ ಮ್ಯಾಲ ಬಂದು ಕುಂದ್ರು" ಎಂದ.

ನೋಡುವುದೆಂದರೆ ಹೇಗೆ? ಬೆಲ್ಲದ ಪೆಂಟಿಯನ್ನಾದರೆ ಮೂಲೆ ಮುರಿದು ಬಾಯಿಗೆ ಹಾಕಿಕೊಳ್ಳಬಹುದು. ಮುಂಬಯಿ ಕಡೆಗೊಂದು, ಬೆಂಗಳೂರಿನ ಕಡೆಗೊಂದು, ದೂರದ ಬಯಲು ಸೀಮೆಯಲ್ಲೊಂದು ಇರುವ ಶಾಲೆಯ ಮೂಲೆ ಎಲ್ಲಿ ಮುರಿಯಲಿ? ಮೊದಲನೆಯದರ ಮಾಹಿತಿ ಪುಸ್ತಕ ನುಣುಪು ಕಾಗದದ್ದು, ಸಾಲಾಗಿ ನಿಂತ ವಿಮಾನಗಳ ಚಿತ್ರ ಬೇರೆ. ಎರಡನೆಯದರ ಗುರುಗಳು ಯುದ್ಧ ಕಂಡು ಬಂದವರಂತೆ. ಮೂರನೆಯವರು ಕಳಿಸಿದ್ದು ಒಂದೇ ಹಾಳೆ, ಅದರಲ್ಲಿ ತಮ್ಮ ಬಳಿ ಎರಡೇ ವಿಮಾನಗಳಿವೆ, ಒಂದು ಸದ್ಯ ದುರಸ್ತಿಯಲ್ಲಿದೆ ಎಂದು ತಾವಾಗಿಯೇ ಬರೆದುಕೊಂಡಿದ್ದರು. ಹೆಚ್ಚು ವಿಮಾನವಿದ್ದಲ್ಲಿ ಹೆಚ್ಚು ವಿದ್ಯಾರ್ಥಿಗಳೂ ಇದ್ದರೆ ನನ್ನ ಪಾಳಿ ಯಾವಾಗ? ಶೂರರಾದವರಿಗೆಲ್ಲ ಕಲಿಸಲು ಬರುತ್ತದೆಯೇ? ದುರಸ್ತಿಯನ್ನು ಹೇಳಿಕೊಳ್ಳುವುದು ಪ್ರಾಮಾಣಿಕತೆಯೋ, ದಡ್ಡತನವೋ? ಬೆಳಿಗ್ಗೆ ಒಂದನ್ನು ಆರಿಸುತ್ತಿದ್ದೆ, ಮಧ್ಯಾಹ್ನಕ್ಕೆ ಇನ್ನೊಂದು.

ಮೂವರಿಗೂ ಪ್ರಶ್ನೆ ಕೇಳಿ ಪತ್ರ ಬರೆಯುವುದೆಂದಾಯಿತು. ಅವ್ವನ ಪ್ರಶ್ನೆ ಒಂದೇ: "ಹೊತ್ತು ಮುಳುಗೂದ್ರಾಗ ಊಟಾ ಹಾಕ್ತಾರೇನ, ಅದನ್ನ ಮದಲ ಕೇಳು."

ನಾಚಿಕೆಯಿಂದ ನಾನು ಕುಗ್ಗಿಹೋದೆ. ಆಕಾಶಕ್ಕೆ ಏರಿಸುವವರ ಮುಂದೆ ರೊಟ್ಟಿಯ ಮಾತೇ? ಮೊದಲ ಎರಡು ಪತ್ರಗಳನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ, ಅವ್ವನ ಪ್ರಶ್ನೆಯನ್ನು ಸದ್ದಿಲ್ಲದೆ ನುಂಗಿದೆ. ಮೂರನೆಯದರಲ್ಲಿ ನುಂಗಲಾಗಲಿಲ್ಲ. ಒಂದು ತೊಟ್ಟಿಲ ಕಾರ್ಯಕ್ಕೆಂದು ಎಲ್ಲರೂ ಎಸ್‌ಟಿ ಬಸ್ಸು ಹತ್ತಿ ಇಚಲಕರಂಜಿಗೆ ಹೋಗಿದ್ದೆವು. ಅಲ್ಲಿ ಮಗ್ಗದ ಕಾರಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಕಾಕಾ ತನ್ನ ಕಚೇರಿಯ ಟೈಪ್‌ರೈಟರಿನಲ್ಲಿ ಪತ್ರ ಬಡಿಯತೊಡಗಿದಾಗ ಅವ್ವ ಬಂದು ಹಿಂದೆಯೇ ನಿಂತಳು.

"ವೈನಿ, ಇದು ವಿಮಾನಾ ಕಲಸೂ ಸಾಲಿರೀ, ಧರ್ಮಶಾಳಾ ಅಲ್ಲ" ಎಂದು ಕಾಕಾ ಅತ್ತಿಗೆಯ ಮಾತಿಗೆ ನಕ್ಕ.

"ಅಲ್ಲಿ ಇರಾಂವ ನನ್ನ ಮಗಾ ಹೌದಿಲ್ಲೋ? ಬರೀರಿ ನೀವು."

ಕಾಕಾ ಬರೆದ. ಮಗ್ಗಗಳ ಗದ್ದಲದಲ್ಲಿ ನನ್ನ ಗೊಣಗಾಟ ಯಾರಿಗೂ ಕೇಳಿಸಲಿಲ್ಲ.

ಪಾಡ್ಯಕ್ಕೆ ನಾಲ್ಕು ದಿನವಿರುವಾಗ ಕೊನೆಯ ಉತ್ತರ ಬಂತು, ಮೂರನೆಯ ಶಾಲೆಯ ಮುಖ್ಯ ಶಿಕ್ಷಕರ ಕೈಬರಹದಲ್ಲಿ. ಅವ್ವನಿಗೆ ಕನ್ನಡ ಮಾಡಿ ಓದಿ ಹೇಳಿದೆ: "ಸೂರ್ಯಾಸ್ತಕ್ಕೆ ಮೊದಲು ಊಟದ ವ್ಯವಸ್ಥೆ ಮಾಡಿಸಬಹುದು. ಇಲ್ಲಿಯ ವಿಮಾನಗಳಿಗೆ ದೀಪಗಳಿಲ್ಲ, ಹೊತ್ತು ಮುಳುಗಿದ ಮೇಲೆ ಯಾವ ವಿದ್ಯಾರ್ಥಿಯನ್ನೂ ನಾವು ಮೇಲೆ ಇರಗೊಡುವುದಿಲ್ಲ."

"ಇನ್ನೊಮ್ಮಿ ಓದು" ಎಂದಳು. ಮೊದಲಿನಿಂದ ಓದಿದರೆ, "ಅದಲ್ಲೋ, ಎರಡನೇದ್ದು" ಎಂದಳು. ಓದಿದೆ. ಆಮೇಲೆ ಕೇಳಿದಳು: "ಉಳದ ಇಬ್ಬರು ಏನಂತಾರ?"

"ಅದಕ್ಕ ಅವರು ಏನೂ ಬರದಿಲ್ಲವ್ವಾ" ಎಂದೆ.

"ಹಂಗಾರ ಇದ ಇರಲಿ" ಎಂದಳು. ಅಷ್ಟು ದಿನ ತೂಗಾಡಿ ಸೋತಿದ್ದ ನನಗೂ ಯಾರಾದರೂ ಒಂದು ಹೇಳಿದರೆ ಸಾಕಾಗಿತ್ತು. ಆ ಹೆಸರನ್ನೇ ಅಪ್ಪನಿಗೆ ಹೇಳಿದೆ.

ಮಿತ್ರರೆ, ನಾನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಆದರೂ ಅದು ನಾನು ಅವ್ವನಿಗೆ ಹೇಳಿದ ಅತಿ ದೊಡ್ಡ ಸುಳ್ಳು. ನಾನು ಕೇಳದೆ ಇದ್ದುದಕ್ಕೆ ಅವರು ಹೇಗೆ ಉತ್ತರಿಸಿಯಾರು? ಆ ಎರಡು ಶಾಲೆಗಳು ನನ್ನ ನಾಚಿಕೆಯಿಂದ ಸೋತವೋ, ಮೂರನೆಯದು ತನ್ನ ಯೋಗ್ಯತೆಯಿಂದ ಗೆದ್ದಿತೋ, ಇಷ್ಟು ವರ್ಷ ಹಾರಿದ ಮೇಲೂ ನನಗೆ ಬಗೆಹರಿದಿಲ್ಲ. ಅಲ್ಲಿ ನನ್ನ ಕಲಿಕೆ ಆಮೆಯ ನಡಿಗೆಯಲ್ಲಿ ಸಾಗಿತು. ಒಂದಿದ್ದರೆ ಇನ್ನೊಂದು ದುರಸ್ತಿಗೆ.

ಆದರೆ ಒಂದು ಸಂಜೆಯದನ್ನು ಹೇಳಲೇಬೇಕು. ಒಬ್ಬನೇ ಹಾರುತ್ತಿದ್ದೆ, ಮೇಲಿನ ಬೆಳಕಿನಲ್ಲಿ ಮೈಮರೆತಿದ್ದೆ. ಬಗ್ಗಿ ನೋಡಿದರೆ ಕೆಳಗಿನ ಹೊಲಗಳೆಲ್ಲ ಕಪ್ಪಿಡುತ್ತಿದ್ದವು, ಮೈದಾನದಂಚಿನಲ್ಲಿ ಯಾರೋ ಬಿಳಿಯ ಬಟ್ಟೆ ಬೀಸುತ್ತಿದ್ದರು. ಏನೋ ನೆನಪಾಗಿ ಬಲಗೈಯನ್ನು ಮುಖದ ಮುಂದೆ ಹಿಡಿದೆ. ಬಿಸಿಲು ಇನ್ನೂ ಅಂಗೈ ಮೇಲಿತ್ತು, ಒಂದೊಂದು ಗೆರೆಯೂ ನಿಚ್ಚಳವಾಗಿ ಕಾಣುತ್ತಿತ್ತು. ಹಾಗಾದರೆ ಹೊತ್ತು ಮುಳುಗಿದ್ದು ಯಾರಿಗೆ? ಎತ್ತರಕ್ಕೆ ಹೋದವನ ಅಂಗೈ ಅವನಿಗೆ ಹೊತ್ತು ಹೇಳುವುದಿಲ್ಲವೆಂದು ಆಗ ತಿಳಿಯಿತು. ಹೊತ್ತು ಮುಳುಗಿದ ಮೇಲೆ ಯಾರನ್ನೂ ಮೇಲೆ ಇರಗೊಡುವುದಿಲ್ಲವೆಂಬ ಎರಡನೆಯ ಮಾತನ್ನಷ್ಟೇ ಅವ್ವ ಅಂದು ಮತ್ತೆ ಓದಿಸಿದ್ದೇಕೆಂಬುದೂ ತಿಳಿಯಿತು. ಅವಳು ಕೇಳಿದ್ದು ರೊಟ್ಟಿಯನ್ನಲ್ಲ.

ವಿಮಾನ ಇಳಿಸಿದೆ. ಶಿಕ್ಷಕರು ಬಟ್ಟೆಯನ್ನು ಮಡಿಚಿ ಹೆಗಲಿಗೆ ಹಾಕಿಕೊಂಡರು. ನೆಲದ ಮೇಲೆ ನಿಂತು ಮತ್ತೆ ಕೈ ಚಾಚಿದೆ; ಗೆರೆ ಕಾಣಲಿಲ್ಲ. ಅಂದು ನಾನು ಊಟ ಮಾಡಲಿಲ್ಲ.