ಅಪ್ಪ ಮೆಚ್ಚಿದ ಕೌಬಾಯ್ ಸಿನಿಮಾ

ಇವತ್ತು ಮೊಬೈಲಿನಲ್ಲಿ ಹೆಚ್ಚು ಜನ ಕೇಳಿರದ ಒಂದು ಹಳೆಯ ಇಟಲಿ ಕೌಬಾಯ್ ಸಿನಿಮಾದ ಬಗ್ಗೆ ಅಭಿಮಾನಿಗಳು ವಾದ ಮಾಡುತ್ತಿದ್ದರು. ಪೋಸ್ಟರ್ ನೋಡಿದ ಕೂಡಲೇ ಕೊಟ್ಟೂರಿನ ಸಿನಿಮಾ ಟೆಂಟಿನ ಬೀಡಿ ವಾಸನೆ ನೆನಪಾಯಿತು.

ಅವ್ವ ತೀರಿಕೊಂಡ ವರ್ಷ ಅದು. ಬಟ್ಟೆ ಹೊಲಿಯುತ್ತಿದ್ದ ಅಪ್ಪ ನನ್ನನ್ನು ಮ್ಯಾಟಿನಿಗೆ ಕರೆದೊಯ್ದಿದ್ದ. "ಬರೀ ಧೂಳು, ಹೀರೋ ಮಾತೇ ಆಡವಲ್ಲ" ಎಂದು ಜನ ಅರ್ಧಕ್ಕೇ ಎದ್ದು ಹೋದರು. ನಾನೂ ಅಪ್ಪನ ಅಂಗಿ ಜಗ್ಗಿದೆ.

"ಚಲೋ ಇಲ್ಲಪ್ಪ, ಮನಿಗೆ ಹೋಗಾಣ."

"ಅವಗ ಮಾತಾಡಾಕ ಯಾರದಾರವ್ವಾ?" ಎಂದ ಅಪ್ಪ, ಪರದೆಯಿಂದ ಕಣ್ಣು ತೆಗೆಯದೆ.

ಮರುದಿನವೂ ಅದೇ ಸಿನಿಮಾಕ್ಕೆ ಕರೆದ. ನಾನು ಕುಂಟೆಬಿಲ್ಲೆ ಬಿಟ್ಟು ಹೋಗಲಿಲ್ಲ. ಒಬ್ಬನೇ ಹೋಗಿ ಬಂದ. ಆಮೇಲೆ ಯಾವ ಸಿನಿಮಾಕ್ಕೂ ಕರೆಯಲಿಲ್ಲ.

'ನಮ್ಮಪ್ಪನಿಗೆ ಇದು ಬಹಳ ಇಷ್ಟವಾಗಿತ್ತು' ಎಂದು ನಾನೂ ಕಮೆಂಟ್ ಹಾಕಿದೆ. ಯಾಕೆ ಇಷ್ಟವಾಗಿತ್ತು ಎಂದು ಯಾರೋ ಕೇಳಿದ್ದಾರೆ. ಅಪ್ಪ ಇದ್ದಾಗ ನಾನೇ ಕೇಳಬೇಕಿತ್ತು.